ವಿದೇಶದಿಂದ ಬಂದು ಪಾದಯಾತ್ರೆಯ ಹರಕೆ ತೀರಿಸುವುದು ಹೇಗೆ?

ಪ್ರಶ್ನೆ: 2021ರಲ್ಲಿ ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ತಂದೆ ಐಸಿಯುನಲ್ಲಿದ್ದರು. ಆಗ ತಾಯಿ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ, "ಮಂಜುನಾಥಾ, ಇವರನ್ನ ಉಳಿಸಿಕೊಡು, ಮಗನನ್ನ ನಡೆಸ್ಕೊಂಡು ಬಂದು ನಿನ್ನ ದರ್ಶನ ಮಾಡಿಸ್ತೀನಿ" ಅಂತ ಹರಕೆ ಹೊತ್ತರು. ತಂದೆ ಗುಣವಾಗಿ ಮನೆಗೆ ಬಂದರು. ನಾನಿರುವುದು ಅಮೆರಿಕದ ಡಲ್ಲಾಸ್‌ನಲ್ಲಿ. ವೀಸಾ, ಕೆಲಸ ಅಂತ ಹರಕೆ ಹಾಗೇ ಉಳಿಯಿತು. ಬರುವ ಶಿವರಾತ್ರಿಗೆ 12 ದಿನ ರಜೆ ಸಿಗುತ್ತದೆ. ನನಗೆ ಸಕ್ಕರೆ ಕಾಯಿಲೆ ಇದೆ. ಚೆಟ್ಟಳ್ಳಿ ಕಡೆಯ ನಮ್ಮ ಮನೆ ಹೊಸ್ತಿಲಿಂದಲೇ ಬರಿಗಾಲಲ್ಲಿ ನಡೆಯಬೇಕು ಎನ್ನುತ್ತಾರೆ ಬಂಧುಗಳು. ತಡವಾದ ದೋಷದಿಂದಲೇ ಮಗುವಿಗೆ ಪದೇ ಪದೇ ಜ್ವರ ಅಂತ ಒಬ್ಬರು ಜಾತಕ ನೋಡಿ ಹೇಳಿದ್ದಾರೆ. ನನ್ನ ಬದಲು ಬೇರೆಯವರು ನಡೆಯಬಹುದೇ? ಸಂಕಲ್ಪ ಅಲ್ಲೇ ಮಾಡಬೇಕೋ, ಇಲ್ಲಿಗೆ ಬಂದ ಮೇಲೋ?
– ಓದುಗರು, ಡಲ್ಲಾಸ್

ಉತ್ತರ: ಮೊದಲು ಆ ಹೆದರಿಕೆ ಬಿಡಿ. ನಾನೂ ಜಾತಕ ನೋಡುವವನೇ. ಹರಕೆ ತಡವಾಯಿತೆಂದು ಮಗುವಿನ ಮೇಲೆ ಬಡ್ಡಿ ಹಾಕುವ ಗ್ರಹ ಯಾವುದೂ ಇಲ್ಲ. ಮಗುವನ್ನು ವೈದ್ಯರಿಗೆ ತೋರಿಸಿ. ಮರೆತು ಬಿಟ್ಟದ್ದು ಬೇರೆ, ಬರಲಾಗದೆ ನಿಂತದ್ದು ಬೇರೆ, ನಿಮ್ಮದು ಎರಡನೆಯದು.

"ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ" ಎಂದು ನಮ್ಮ ಕಡೆ ಹೇಳುತ್ತಾರಲ್ಲ, ಅದನ್ನು ಹೆದರಿಸಲಿಕ್ಕೇ ಬಳಸುವವರು ಹೆಚ್ಚು. ನಾನು ಅದನ್ನು ಇನ್ನೊಂದು ರೀತಿ ತಿಳಿಯುತ್ತೇನೆ: ಅಲ್ಲಿ ಲೆಕ್ಕಕ್ಕೆ ಬರುವುದು ಆಡಿದ ಮಾತು. ಆಡದೇ ಇದ್ದದ್ದಲ್ಲ. ನೀವು ಬರೆದಿರುವ ತಾಯಿಯ ಮಾತನ್ನು ಮತ್ತೊಮ್ಮೆ ಓದಿ. ಅದರಲ್ಲಿ ಚೆಟ್ಟಳ್ಳಿ ಇಲ್ಲ, ಹೊಸ್ತಿಲಿಲ್ಲ, ಬರಿಗಾಲಿಲ್ಲ, ಶಿವರಾತ್ರಿಯೂ ಇಲ್ಲ. ಇವೆಲ್ಲ ಆಮೇಲೆ ಬಂಧುಗಳು ಸೇರಿಸಿದ್ದು. ಪಾಠಶಾಲೆಯಲ್ಲಿ ಸಂಕಲ್ಪ ಹೇಳಿಸುವಾಗ ನಮ್ಮ ಗುರುಗಳು ಒಂದು ಪದ ಬಿಟ್ಟರೂ, ಒಂದು ಪದ ಹೆಚ್ಚಾದರೂ ಮೊದಲಿನಿಂದ ಹೇಳಿಸುತ್ತಿದ್ದರು. ಹರಕೆಗೂ ಅದೇ ಕ್ರಮ.

ಆದರೆ ಆ ಮಾತಿನಲ್ಲಿರುವ ಒಂದನ್ನು ನೀವು ಗಮನಿಸಿದಂತಿಲ್ಲ. "ಮಗ ನಡೆದು ಬರ್ತಾನೆ" ಅಂತ ನಿಮ್ಮ ತಾಯಿ ಹೇಳಲಿಲ್ಲ. "ನಡೆಸ್ಕೊಂಡು ಬರ್ತೀನಿ" ಅಂದರು. ಹರಕೆ ಹೊತ್ತವರು ಅವರು, ನಡೆಸುವವರೂ ಅವರೇ. ಮಗ ಒಬ್ಬನೇ ನಡೆದುಹೋಗಿ ಕೈಮುಗಿದು ಫೋಟೋ ಕಳಿಸಿದರೆ ಆ ಮಾತು ಪೂರ್ತಿಯಾಗುವುದಿಲ್ಲ. ಅವರು ದಾರಿಯುದ್ದಕ್ಕೂ ನಡೆಯಬೇಕೆಂದೂ ನಾನು ಹೇಳುತ್ತಿಲ್ಲ, ಆ ವಯಸ್ಸಿಗೆ ಅದು ಆಗುವ ಮಾತಲ್ಲ. ತಂದೆ-ತಾಯಿ ಇಬ್ಬರೂ ಕಾರಿನಲ್ಲಿ ಧರ್ಮಸ್ಥಳಕ್ಕೆ ಬಂದು ನೇತ್ರಾವತಿ ಸ್ನಾನಘಟ್ಟದ ಹತ್ತಿರ ನಿಮಗಾಗಿ ಕಾಯಲಿ. ಅಲ್ಲಿಂದ ದೇವಸ್ಥಾನದವರೆಗೆ ಕೈಹಿಡಿದು ಆದಷ್ಟು ಹೆಜ್ಜೆ ನಿಮ್ಮ ಜೊತೆ ಬರಲಿ. ಮಂಡಿ ನೋವಿದ್ದರೆ ಆಟೋದಲ್ಲಿ ಹೋಗಿ ದೇವಸ್ಥಾನದ ಎದುರು ಇಳಿದು ನಾಲ್ಕು ಹೆಜ್ಜೆ ಜೊತೆಗೆ ಇಡಲಿ, ಸಾಕು.

ಬದಲಿಗೆ ಬೇರೆಯವರು ನಡೆಯಬಹುದೇ ಅಂದಿರಿ. ನಿತ್ಯ-ನೈಮಿತ್ತಿಕ ಕರ್ಮಗಳಿಗೆ ಪ್ರತಿನಿಧಿಯನ್ನು ಶಾಸ್ತ್ರ ಒಪ್ಪುತ್ತದೆ. ಕಾಮ್ಯಕ್ಕೆ, ಅಂದರೆ ಫಲ ಬಯಸಿ ಹಿಡಿದದ್ದಕ್ಕೆ, ಒಪ್ಪುವುದಿಲ್ಲ. ಶುರು ಮಾಡಿದ ಮೇಲೆ ತಡೆ ಬಂದರೆ ಮಾತ್ರ ಆಗಬಹುದು ಎಂದು ಕೆಲವರ ಮತ. ಇಲ್ಲಿ "ಮಗನನ್ನ" ಎಂದು ಹೆಸರು ಹಿಡಿದೇ ಹೇಳಿದ್ದಾರೆ. ದುಡ್ಡು ಕೊಟ್ಟು ನಡೆಸುವುದು ಬೇಡ.

ವಾಹನದ ಬಗ್ಗೆಯೂ ಒಂದು ಮಾತು, ಬಹಳ ಜನ ಕೇಳುತ್ತಾರೆ. ತೀರ್ಥಯಾತ್ರೆಗೆ ವಾಹನ ಹತ್ತಿದರೆ ಅರ್ಧ ಫಲ ಹೋಯಿತು, ಕೊಡೆ-ಪಾದರಕ್ಷೆಯಿಂದ ಅದರರ್ಧ ಹೋಯಿತು ಎಂದು ನಿಬಂಧ ಗ್ರಂಥಗಳಲ್ಲಿ ಇರುವುದು ನಿಜ. ಅದೇ ಗ್ರಂಥಗಳು ನೀರು ದಾಟುವ ದೋಣಿಯನ್ನು ವಾಹನವೆಂದು ಎಣಿಸುವುದಿಲ್ಲ. ಸಮುದ್ರ ನಡೆದು ದಾಟಲಾಗದು, ಹಾಗಾಗಿ ವಿಮಾನವನ್ನು ನಾನು ದೋಣಿಯ ಲೆಕ್ಕಕ್ಕೇ ಸೇರಿಸುತ್ತೇನೆ. ಪಾದರಕ್ಷೆ ನಿಮಗೆ ಬೇಕೇ ಬೇಕು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರಬಹುದು. ಫೆಬ್ರವರಿ-ಮಾರ್ಚ್‌ನ ಮಧ್ಯಾಹ್ನ ಘಟ್ಟದ ಕೆಳಗಿನ ಡಾಂಬರು ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಹೊಸ ಶೂ ಬೇಡ, ಅಲ್ಲಿ ಎರಡು ತಿಂಗಳು ಹಾಕಿ ನಡೆದು ಪಳಗಿದ್ದನ್ನೇ ತನ್ನಿ. ದಿನಾ ರಾತ್ರಿ ಅಂಗಾಲು ನೋಡ್ಕೊಳ್ಳಿ.

ಎಲ್ಲಿಂದ ಶುರು? ನನ್ನ ಸಲಹೆ ಕುಕ್ಕೆ ಸುಬ್ರಹ್ಮಣ್ಯದಿಂದ. ಗುಂಡ್ಯ, ಕೊಕ್ಕಡದ ಮೇಲೆ ಸುಮಾರು 55 ಕಿ.ಮೀ. ಆಗುತ್ತದೆ, ಮೂರು ದಿನದ ನಡಿಗೆ. ಚೆಟ್ಟಳ್ಳಿಯಿಂದಲೇ ಹೊರಟರೆ ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಸುಬ್ರಹ್ಮಣ್ಯ ಸುತ್ತಿ 150 ಕಿ.ಮೀ. ಮೀರುತ್ತದೆ, ಕಡಿಮೆಯೆಂದರೂ ಆರು ದಿನ. ಬೆಂಗಳೂರು, ಹಾಸನದಿಂದ ಚಾರ್ಮಾಡಿ ಇಳಿದು ಬರುವ ಸಾವಿರಾರು ಜನಕ್ಕೆ ದಾರಿಯಲ್ಲಿ ಮಜ್ಜಿಗೆ, ಊಟ, ಮಲಗಲು ಜಾಗ ಎಲ್ಲ ಸಿಗುತ್ತದೆ. ನಮ್ಮ ಕಡೆಯ ದಾರಿಯಲ್ಲಿ ಅಷ್ಟು ಇಲ್ಲ. ಪಾದಯಾತ್ರಿಗಳಿಗೆ ಬೆಳಗಿನ ಮೂರು-ನಾಲ್ಕು ಗಂಟೆಗೇ ಹೊರಡುವ ರೂಢಿ. ಚೆಟ್ಟಳ್ಳಿ-ಮಡಿಕೇರಿ ನಡುವೆ ಅದು ಬೇಡವೇ ಬೇಡ ಮಾರಾಯ್ರೆ, ತೋಟದಿಂದ ತೋಟಕ್ಕೆ ಆನೆ ದಾಟುವ ಹೊತ್ತು ಅದು. ನೀವು ಊರು ಬಿಟ್ಟು ವರ್ಷಗಳಾದವು, ಆನೆ ಈಗ ಆಗಿನ ಹಾಗಲ್ಲ, ಗೇಟಿನ ಹತ್ತಿರವೇ ಇರುತ್ತದೆ. ಗುಂಡ್ಯ ಕಡೆಯೂ ಕಾಡುದಾರಿ. ಬೆಳಕು ಹರಿದ ಮೇಲೆಯೇ, ಜೊತೆಗೊಬ್ಬರನ್ನು ಕರ್ಕೊಂಡೇ ಹೊರಡಿ.

ಸಂಕಲ್ಪವನ್ನು ಅಮೆರಿಕದಲ್ಲಿ ಮಾಡಬೇಡಿ. ಸಂಕಲ್ಪವೆಂದರೆ ದೇಶ-ಕಾಲ ಹೇಳಿ ಕರ್ಮಕ್ಕೆ ಕೈ ಹಾಕುವುದು. ಅಲ್ಲಿನ ಪುರೋಹಿತರು ಕ್ರೌಂಚದ್ವೀಪವೆಂದು ಹೇಳಿಸುತ್ತಾರೆ, ನಡಿಗೆ ಇರುವುದು ಜಂಬೂದ್ವೀಪದಲ್ಲಿ! ಅಲ್ಲಿ ಮನೆದೇವರಿಗೆ ತುಪ್ಪದ ದೀಪ ಹಚ್ಚಿ ಹೊರಡಿ. ವಿಮಾನದಲ್ಲಿ ತಿಂದದ್ದು ಮೈಲಿಗೆಯಾಯಿತೇ ಎಂಬ ಯೋಚನೆಯೂ ಆಗ ಬರುವುದಿಲ್ಲ, ಯಾಕೆಂದರೆ ವ್ರತ ಇನ್ನೂ ಶುರುವಾಗಿಲ್ಲ. ಕುಮಾರಧಾರೆಯಲ್ಲಿ ಮಿಂದು, ಪರಾಭವ ಸಂವತ್ಸರ, ಉತ್ತರಾಯಣ, ಶಿಶಿರ ಋತು, ಮಾಘ ಮಾಸ ಎಂದು ಹೇಳಿ, ತಾಯಿ ಹೊತ್ತ ಹರಕೆಯನ್ನು ತೀರಿಸುತ್ತೇನೆ ಅನ್ನಿ. ಅಂದಿನಿಂದ ಸಾತ್ವಿಕ ಊಟ, ಬ್ರಹ್ಮಚರ್ಯ, ಜಗಳವಿಲ್ಲದ ಬಾಯಿ. "ಎಷ್ಟೇ ಕಷ್ಟವಾದರೂ" ಅಂತೆಲ್ಲ ಸೇರಿಸಬೇಡಿ.

ದಿನದ ಲೆಕ್ಕ ಹೀಗೆ. ಶಿವರಾತ್ರಿ 2027ರ ಮಾರ್ಚ್ 6, ಶನಿವಾರ. ಅಮೆರಿಕದ ಪಂಚಾಂಗದಲ್ಲಿ ಕೆಲವು ವರ್ಷ ಒಂದು ದಿನ ಹಿಂದೆ ಬರುವುದುಂಟು. ನೀವು ಎಲ್ಲಿರುತ್ತೀರೋ ಅಲ್ಲಿನದೇ ಲೆಕ್ಕ. ಫೆಬ್ರವರಿ 25ಕ್ಕೆ ಹೊರಟರೆ 28ರ ಹೊತ್ತಿಗೆ ಚೆಟ್ಟಳ್ಳಿ. ಡಲ್ಲಾಸಿಗೂ ನಮಗೂ ಹನ್ನೊಂದೂವರೆ ಗಂಟೆ ಅಂತರ, ರಾತ್ರಿ ಪೂರಾ ಹಗಲಾಗಿರುತ್ತದೆ. ಎರಡು ದಿನ ತಾಯಿಯ ಕೈ ಊಟ ಮಾಡಿ ನಿದ್ದೆ ತೀರಿಸಿ. 3ರ ಬೆಳಿಗ್ಗೆ ಸುಬ್ರಹ್ಮಣ್ಯದಿಂದ ಹೊರಟು 5ರ ಸಂಜೆ ನೇತ್ರಾವತಿ ತಲುಪಬಹುದು. ಶಿವರಾತ್ರಿಗೆ ನಿರಾಹಾರ ಬೇಡ, ನಿಮ್ಮ ಕಾಯಿಲೆಗೆ ಫಲಾಹಾರವೇ ಉಪವಾಸ, ಮಾತ್ರೆ ಬಿಡಕೂಡದು.

ನಡುವೆ ಕಾಲು ಬಾರದಿದ್ದರೆ ನಿಂತುಬಿಡಿ. ಅಲ್ಲಿಂದ ವಾಹನದಲ್ಲಿ ಬಂದು, ತಪ್ಪು ಕಾಣಿಕೆ ಹಾಕಿ ತಾಯಿಯ ಜೊತೆ ದರ್ಶನ ಮಾಡಿ. ಮುಡಿಪನ್ನು ದಾರಿಯಲ್ಲಿ ನೀವು ಹೊತ್ತು ತನ್ನಿ, ಒಪ್ಪಿಸುವುದು ಮಾತ್ರ ಅವರ ಕೈಯಿಂದ ಆಗಲಿ. ಬಟ್ಟೆ ಜೀರ್ಣವಾಗಿದ್ದರೆ ಬಿಚ್ಚಬೇಡಿ. ಅದರ ಮೇಲೆಯೇ ಹೊಸ ಹಳದಿ ಬಟ್ಟೆ ಸುತ್ತಿ ಕಟ್ಟಿ.