ಶೆಲ್‌ನ ಮನೆಯೊಳಗಿನ ಆಜ್ಞೆಗಳು



ಕಂಪ್ಯೂಟರ್ ಎಂದ ಕೂಡಲೇ ನಮಗೆ ನೆನಪಾಗುವುದು ಮೌಸ್, ಚಿತ್ರ, ಬಣ್ಣ. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಟರ್ಮಿನಲ್ ಎಂಬ ಕಿಟಕಿ ತೆರೆದರೆ ಇವು ಯಾವುವೂ ಕಾಣುವುದಿಲ್ಲ. ಒಂದು ಡಾಲರ್ ಚಿಹ್ನೆ, ಅದರ ಪಕ್ಕದಲ್ಲಿ ಮಿಣುಕುವ ಒಂದು ಗೆರೆ, ಅಷ್ಟೇ. ತುಂಬ ಜನ ಅದನ್ನು ಕಂಡ ಕೂಡಲೇ ಹೆದರಿ ಮುಚ್ಚಿಬಿಡ್ತಾರೆ. ಆದರೆ ಯಂತ್ರ ಕೆಟ್ಟ ದಿನ, ನೆಟ್ ಇಲ್ಲದ ದಿನ ನಮ್ಮ ಕೈ ಹಿಡಿಯುವುದು ಈ ಗೆರೆಯೇ. ಅದನ್ನು ಬಳಸುವ ಮೊದಲ ಪಾಠವನ್ನು ಇಲ್ಲಿ ತಿಳಿಯೋಣ.

(ಸೂಚನೆ: ಆಜ್ಞೆಗಳನ್ನು ಓದಲು ಸುಲಭವಾಗಲಿ ಎಂದು ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ, ಕೊನೆಗೆ ಎಂಟರ್ ಒತ್ತಿ.)

ಶೆಲ್ ಎಂದರೇನು?

ನಾವು ಟೈಪ್ ಮಾಡಿದ ಸಾಲನ್ನು ಓದಿ, ಅರ್ಥ ಮಾಡಿಕೊಂಡು, ಕೆಲಸ ಮಾಡಿಸುವ ಪ್ರೋಗ್ರಾಂಗೆ ಶೆಲ್ ಎಂದು ಹೆಸರು. ಶೆಲ್‌ಗಳಲ್ಲಿ ಹಲವು ಇವೆ. 1979ರ ಯುನಿಕ್ಸ್ 7ನೇ ಆವೃತ್ತಿಯ ಜೊತೆ ಸ್ಟೀಫನ್ ಬೋರ್ನ್ ಬರೆದ ಬೋರ್ನ್ ಶೆಲ್ ಬಂತು. 1989ರಲ್ಲಿ ಬ್ರಯಾನ್ ಫಾಕ್ಸ್ ಎಂಬುವರು ಗ್ನೂ ಯೋಜನೆಗಾಗಿ ಬರೆದ ಬ್ಯಾಶ್ ಹೊರಬಂತು. ಹೆಚ್ಚಿನ ಲಿನಕ್ಸ್ ಕಂಪ್ಯೂಟರುಗಳಲ್ಲಿ ನಾವು ಕಾಣುವುದು ಈ ಬ್ಯಾಶ್ ಅನ್ನೇ. ಈ ಪಾಠವೂ ಅದರದ್ದೇ.

ಆಜ್ಞೆಗಳಲ್ಲಿ ಎರಡು ಬಗೆ

ಒಂದು ರೈತನ ಮನೆ ಎಂದುಕೊಳ್ಳಿ. ದನಕ್ಕೆ ಹುಲ್ಲು ಹಾಕುವುದು, ಕಸ ಗುಡಿಸುವುದು ಮನೆಯವರೇ ಮಾಡಿಕೊಳ್ಳುವ ಕೆಲಸ. ನೇಗಿಲ ಗುಳ ಹಣಿಸಬೇಕಾದರೆ ಕಮ್ಮಾರನನ್ನು ಹುಡುಕಿಕೊಂಡು ಹೋಗಬೇಕು. ಶೆಲ್ ಕೂಡ ಹಾಗೆಯೇ.

1. ಒಳಗಿನ ಆಜ್ಞೆ: ಶೆಲ್ ತಾನೇ ಮಾಡುವ ಕೆಲಸ. ಇದಕ್ಕೆ ಬಿಲ್ಟಿನ್ ಎನ್ನುತ್ತಾರೆ. ಉದಾಹರಣೆ: ಸಿಡಿ, ಪಿಡಬ್ಲ್ಯೂಡಿ, ಎಕೋ, ಟೈಪ್, ಹೆಲ್ಪ್, ಹಿಸ್ಟರಿ, ಜಾಬ್ಸ್, ಕಿಲ್.

2. ಹೊರಗಿನ ಆಜ್ಞೆ: ಡಿಸ್ಕಿನಲ್ಲಿ ಬೇರೆ ಕಡತವಾಗಿ ಇರುವ ಪ್ರೋಗ್ರಾಂ. ಉದಾಹರಣೆ: ಪಟ್ಟಿ ತೋರಿಸುವ ಎಲ್‌ಎಸ್, ನಕಲು ಮಾಡುವ ಸಿಪಿ, ಅಳಿಸುವ ಆರ್‌ಎಂ. ಶೆಲ್ ಮೊದಲು ಆ ಕಡತ ಎಲ್ಲಿದೆ ಎಂದು ಹುಡುಕುತ್ತದೆ. ಆಮೇಲೆ ಒಂದು ಮರಿ ಪ್ರೊಸೆಸ್ ಹುಟ್ಟಿಸಿ ಕೆಲಸ ಅದಕ್ಕೆ ವಹಿಸುತ್ತದೆ. ಕೆಲಸ ಮುಗಿದ ಮೇಲೆ ಆ ಮರಿ ಇಲ್ಲವಾಗುತ್ತದೆ.

1990ರ ದಶಕದಲ್ಲಿ ಡಾಸ್ ಕಲಿತ ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಅಲ್ಲಿ ಡಿಐಆರ್, ಕಾಪಿ, ಸಿಎಲ್‌ಎಸ್ ಒಳಗಿನ ಆಜ್ಞೆಗಳು. ಫಾರ್ಮ್ಯಾಟ್, ಎಕ್ಸ್‌ಕಾಪಿ ಹೊರಗಿನವು. ಹಾರ್ಡ್ ಡಿಸ್ಕ್ ಇಲ್ಲದ ಯಂತ್ರದಲ್ಲಿ ಹೊರಗಿನ ಆಜ್ಞೆ ಬೇಕಾದರೆ ಅದು ಇರುವ ಫ್ಲಾಪಿಯನ್ನೇ ಹಾಕಬೇಕಿತ್ತು.

ಸಿಡಿ ಏಕೆ ಒಳಗೇ ಇರಬೇಕು?

ಇದು ಪಾಠದ ಮುಖ್ಯ ಭಾಗ, ಗಮನವಿಟ್ಟು ಓದಿ. ಸಿಡಿ ಎಂದರೆ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋಗುವ ಆಜ್ಞೆ. ನಾನು ತುಮಕೂರಿಗೆ ಹೋಗಬೇಕಾಗಿದೆ, ನನ್ನ ಬದಲು ತಮ್ಮನನ್ನು ಬಸ್ಸು ಹತ್ತಿಸಿ ಕಳಿಸಿದೆ ಎಂದುಕೊಳ್ಳಿ. ತಮ್ಮ ತುಮಕೂರು ಮುಟ್ಟುತ್ತಾನೆ, ನಾನು ಮಾತ್ರ ಇಲ್ಲೇ ಇರುತ್ತೇನೆ. ಹಾಗೆಯೇ ಪ್ರತಿ ಪ್ರೊಸೆಸ್‌ಗೂ ತಾನು ಯಾವ ಫೋಲ್ಡರಿನಲ್ಲಿದ್ದೇನೆ ಎಂಬುದು ಬೇರೆ ಬೇರೆ. ಮರಿ ಜಾಗ ಬದಲಿಸಿದರೆ ತಾಯಿಯ ಜಾಗ ಬದಲಾಗಲ್ಲ. ಆದ್ದರಿಂದ ಶೆಲ್ ತಾನೇ ಹೋಗಬೇಕು.

ಈ ಮಾತು ಯುನಿಕ್ಸ್ ಕಟ್ಟಿದವರಿಗೂ ಮೊದಲು ಹೊಳೆದಿರಲಿಲ್ಲ! 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಅವರು ಪಿಡಿಪಿ-7 ಎಂಬ ಯಂತ್ರದ ಮೇಲೆ ಯುನಿಕ್ಸ್ ಆರಂಭಿಸಿದರು. ಅವರ ಜೊತೆಗಾರ ಡೆನ್ನಿಸ್ ರಿಚಿ ಆ ದಿನಗಳ ಕತೆಯನ್ನು ಬರೆದಿಟ್ಟಿದ್ದಾರೆ. ಮೊದಲು ಒಂದು ಟರ್ಮಿನಲ್‌ಗೆ ಒಂದೇ ಪ್ರೊಸೆಸ್ ಇತ್ತು. ಆಗ ಜಾಗ ಬದಲಿಸುವ ಆಜ್ಞೆ ಹೊರಗಿನ ಪ್ರೋಗ್ರಾಂ ಆಗಿದ್ದರೂ ತೊಂದರೆ ಇರಲಿಲ್ಲ. ಫೋರ್ಕ್ ಎಂಬ, ಮರಿ ಹುಟ್ಟಿಸುವ ಏರ್ಪಾಟು ಬಂದ ಮೇಲೆ ಆ ಆಜ್ಞೆ ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿತು. ಎಲ್ಲಿ ತಪ್ಪಿದೆ ಎಂದು ಪ್ರೋಗ್ರಾಂ ಸಾಲುಗಳನ್ನು ಮತ್ತೆ ಮತ್ತೆ ಓದಿದರು. ಕೊನೆಗೆ ಗೊತ್ತಾಯಿತು: ಆಜ್ಞೆ ಸರಿಯಾಗಿಯೇ ಕೆಲಸ ಮಾಡುತ್ತಿದೆ, ಆದರೆ ಜಾಗ ಬದಲಿಸುತ್ತಿರುವುದು ಮರಿ, ಅದು ಕೂಡಲೇ ಮುಗಿದೂ ಹೋಗುತ್ತಿದೆ. ಆಮೇಲೆ ಆ ಆಜ್ಞೆಯನ್ನು ಶೆಲ್ ಒಳಗೇ ಸೇರಿಸಿದರು. ಇಂದಿಗೂ ಸಿಡಿ ಅಲ್ಲೇ ಇದೆ.

ಯಾವುದು ಒಳಗಿನದು ಎಂದು ತಿಳಿಯುವುದು ಹೇಗೆ?

ಬಾಯಿಪಾಠ ಬೇಡ, ಶೆಲ್ ಅನ್ನೇ ಕೇಳಿ. ಟೈಪ್ ಎಂದು ಬರೆದು, ಜಾಗ ಬಿಟ್ಟು, ಸಿಡಿ ಎಂದು ಬರೆಯಿರಿ. ಅದು ಶೆಲ್ ಬಿಲ್ಟಿನ್ ಎಂದು ಉತ್ತರ ಬರುತ್ತದೆ. ಸಿಡಿ ಬದಲು ಸಿಪಿ ಎಂದು ಬರೆದರೆ ಆ ಕಡತ ಇರುವ ದಾರಿ ಬರುತ್ತದೆ. ಎಲ್‌ಎಸ್ ಎಂದು ಕೇಳಿದರೆ ಕೆಲವು ಯಂತ್ರಗಳಲ್ಲಿ ಅದಕ್ಕೊಂದು ಅಡ್ಡಹೆಸರು ಇಟ್ಟಿದೆ ಎಂಬ ಉತ್ತರವೂ ಬರಬಹುದು, ಗಾಬರಿ ಬೇಡ.

ಕೆಲವು ಆಜ್ಞೆ ಎರಡೂ ಕಡೆ ಇವೆ. ಟೈಪ್ -ಎ ಎಕೋ ಎಂದು ಕೊಟ್ಟು ನೋಡಿ, ಒಳಗಿನ ಎಕೋ, ಹೊರಗಿನ ಎಕೋ ಎರಡೂ ಕಾಣುತ್ತವೆ. ಬರೀ ಎಕೋ ಎಂದರೆ ಶೆಲ್ ಆರಿಸುವುದು ಒಳಗಿನದನ್ನೇ. ಮರಿ ಹುಟ್ಟಿಸುವ ಶ್ರಮ ಉಳಿಯುವುದರಿಂದ ಅದು ಬೇಗವೂ ಆಗುತ್ತದೆ. ಒಂದು ಸಲಕ್ಕೆ ವ್ಯತ್ಯಾಸ ಕಾಣಲ್ಲ, ಸಾವಿರ ಸಲ ಮಾಡಿಸಿದರೆ ಗೊತ್ತಾಗುತ್ತೆ.

ಒಳಗಿನ ಆಜ್ಞೆಗಳ ಬಗ್ಗೆ ತಿಳಿಯಲು ಹೆಲ್ಪ್ ಎಂದು ಕೊಟ್ಟರೆ ಪಟ್ಟಿಯೇ ಬರುತ್ತದೆ. ಹೆಲ್ಪ್ ಸಿಡಿ ಎಂದರೆ ಸಿಡಿಯ ವಿವರ ಬರುತ್ತದೆ. ಇದಕ್ಕೆ ನೆಟ್ ಬೇಡ, ಟ್ಯೂಷನ್ ಬೇಡ. ವಿವರಣೆ ಶೆಲ್ ಜೊತೆಗೇ ಬಂದಿದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ ಎಂಬ ಗಾದೆ ಇದೆಯಲ್ಲ, ನಾವು ಹಾಗೆ ಆಗಬಾರದು.

ದಿನನಿತ್ಯ ಬೇಕಾಗುವವು

• ಪಿಡಬ್ಲ್ಯೂಡಿ: ಈಗ ಎಲ್ಲಿದ್ದೇವೆ ಎಂದು ಹೇಳುತ್ತದೆ. (ರಸ್ತೆ ಮಾಡುವ ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ!)
• ಸಿಡಿ ಮಾತ್ರ: ನಮ್ಮ ಸ್ವಂತ ಫೋಲ್ಡರಿಗೆ ಬರುತ್ತದೆ.
• ಸಿಡಿ ಆದ ಮೇಲೆ ಜಾಗ, ಎರಡು ಚುಕ್ಕಿ: ಒಂದು ಮೆಟ್ಟಿಲು ಮೇಲಕ್ಕೆ.
• ಸಿಡಿ ಆದ ಮೇಲೆ ಜಾಗ, ಒಂದು ಅಡ್ಡಗೆರೆ: ಹಿಂದೆ ಇದ್ದ ಫೋಲ್ಡರಿಗೆ ವಾಪಸ್ಸು.
• ಹಿಸ್ಟರಿ: ಈವರೆಗೆ ಕೊಟ್ಟ ಆಜ್ಞೆಗಳ ಪಟ್ಟಿ.

ಕಷ್ಟಕಾಲಕ್ಕೆ ಒದಗುವವು

ಯಾವುದೋ ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೆ ತುಂಬ ಜನ ನೇರವಾಗಿ ಕರೆಂಟ್ ಸ್ವಿಚ್ಚನ್ನೇ ಆರಿಸಿಬಿಡ್ತಾರೆ. ಉಳಿಸದ ಕೆಲಸವೆಲ್ಲ ಹೋಯಿತು! ಪಕ್ಕದ ಕಿಟಕಿಯಲ್ಲಿ ಇನ್ನೊಬ್ಬರು ಬರೆಯುತ್ತಿದ್ದ ಪ್ರಬಂಧವೂ ಹೋಯಿತು. ಆ ಪ್ರೋಗ್ರಾಂ ನಮ್ಮ ಶೆಲ್‌ನಿಂದಲೇ ಹೊರಟಿದ್ದರೆ ಹಾಗೆ ಮಾಡಬೇಕಿಲ್ಲ. ಕಂಟ್ರೋಲ್ ಮತ್ತು ಝಡ್ ಕೀಲಿ ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಅದು ತಡೆದು ನಿಲ್ಲುತ್ತದೆ. ಜಾಬ್ಸ್ ಎಂದರೆ ಕೆಲಸಗಳ ಪಟ್ಟಿ ನಂಬರ್ ಸಮೇತ ಬರುತ್ತದೆ. ಕಿಲ್ %1 ಎಂದರೆ 1ನೇ ಕೆಲಸ ಮಾತ್ರ ಮುಗಿಯುತ್ತದೆ, ಉಳಿದದ್ದು ಕ್ಷೇಮ.

ಕಿಲ್ ಅನ್ನು ಶೆಲ್ ಒಳಗೆ ಇಟ್ಟಿರುವುದಕ್ಕೆ ಹೆಲ್ಪ್‌ನಲ್ಲೇ ಎರಡು ಕಾರಣ ಕೊಟ್ಟಿದೆ. ಒಂದು, %1 ಎಂಬಂಥ ಕೆಲಸದ ನಂಬರ್ ಬಳಸಬಹುದು. ಎರಡು, ಹೊಸ ಪ್ರೊಸೆಸ್ ಹುಟ್ಟಿಸುವ ಮಿತಿ ಮುಗಿದಾಗಲೂ ಅದು ನಡೆಯುತ್ತದೆ. ಮನೆಗೆ ಬೆಂಕಿ ಬಿದ್ದಾಗ ನೀರು ಮನೆಯಲ್ಲೇ ಇರಬೇಕು, ಅಲ್ಲವೇ?

ಮಾಡಿ ನೋಡಿ

ಹೊಸದೊಂದು ಟರ್ಮಿನಲ್ ತೆರೆಯಿರಿ. ಹೊರಗಿನ ಆಜ್ಞೆಗಳನ್ನು ಎಲ್ಲಿ ಹುಡುಕಬೇಕು ಎಂಬ ದಾರಿಯ ಪಟ್ಟಿಗೆ ಪಾತ್ ಎಂದು ಹೆಸರು. ಪಾತ್ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು, ಜಾಗ ಬಿಡದೆ ಸಮ ಚಿಹ್ನೆ ಹಾಕಿ, ಮುಂದೆ ಏನೂ ಬರೆಯದೆ ಎಂಟರ್ ಒತ್ತಿ. ಈಗ ದಾರಿಯ ಪಟ್ಟಿ ಖಾಲಿ. ಎಲ್‌ಎಸ್ ಎಂದರೆ ಸಿಗಲಿಲ್ಲ ಎಂಬ ಉತ್ತರ ಬರುತ್ತದೆ. ಆದರೆ ಸಿಡಿ ನಡೆಯುತ್ತದೆ, ಪಿಡಬ್ಲ್ಯೂಡಿ ನಡೆಯುತ್ತದೆ. ಎಕೋ * ಎಂದು ಕೊಡಿ. ಎಲ್‌ಎಸ್ ಇಲ್ಲದೆಯೇ ಕಡತಗಳ ಹೆಸರು ಸಾಲಾಗಿ ಬಂದುಬಿಡುತ್ತವೆ! ನಕ್ಷತ್ರ ಚಿಹ್ನೆಯನ್ನು ಹೆಸರುಗಳಾಗಿ ಬಿಡಿಸುವುದೂ ಶೆಲ್‌ನ ಕೆಲಸವೇ.

ಆಮೇಲೆ ಆ ಟರ್ಮಿನಲ್ ಮುಚ್ಚಿ ಬೇರೆ ತೆರೆಯಿರಿ. ಎಲ್ಲವೂ ಮೊದಲಿನಂತೆ ಇರುತ್ತದೆ. ಬದಲಾಗಿದ್ದು ಆ ಒಂದು ಶೆಲ್ ಮಾತ್ರ, ಯಂತ್ರಕ್ಕೆ ಏನೂ ಆಗಿಲ್ಲ.

ಎಚ್ಚರಿಕೆ: ಕಲಿಯುವಾಗ ಆರ್‌ಎಂ ಆಜ್ಞೆಯ ಹತ್ತಿರ ಹೋಗಬೇಡಿ. ಅದು ಅಳಿಸಿದ ಕಡತ ಕಸದ ಬುಟ್ಟಿಗೆ ಹೋಗಲ್ಲ, ಹೋದದ್ದು ಹೋದ ಹಾಗೆಯೇ.

ಪ್ರಶ್ನೆಗಳು

1. ಹಿಸ್ಟರಿ ಆಜ್ಞೆ ಹೊರಗಿನ ಪ್ರೋಗ್ರಾಂ ಆಗಿದ್ದರೆ ಏನು ತೊಂದರೆ ಆಗುತ್ತಿತ್ತು?
2. ಎಕ್ಸಿಟ್ ಎಂದರೆ ಶೆಲ್ ಮುಚ್ಚುತ್ತದೆ. ಇದು ಒಳಗಿನದೇ, ಹೊರಗಿನದೇ? ಮೊದಲು ಯೋಚಿಸಿ, ಆಮೇಲೆ ಟೈಪ್ ಆಜ್ಞೆಯಿಂದ ಪರೀಕ್ಷಿಸಿ.

ಉತ್ತರವನ್ನು ಕಾರಣ ಸಮೇತ ಚೀಟಿಯಲ್ಲಿ ಬರೆದು ಈ ಹಾಳೆಯ ಕೆಳಗೆ ಅಂಟಿಸಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.

— 10ನೇ ತರಗತಿ