ತಿಪ್ಪೆಗೂ ಚೀಲಕ್ಕೂ ಜಗಳ ಹಚ್ಚಬೇಡ

ಮಗಾ, ಇನ್ನು ಗದ್ದೆಯ ಲೆಕ್ಕ ನಿನ್ನದು. ಯೂರಿಯಾ ಅಂದರೆ ವಿಷ ಅನ್ನುವವರೂ ಸಿಗುತ್ತಾರೆ, ತಿಪ್ಪೆಗೊಬ್ಬರ ನಂಬಿದರೆ ಹೊಟ್ಟೆಗೆ ಹಿಟ್ಟಿಲ್ಲ ಅನ್ನುವವರೂ ಸಿಗುತ್ತಾರೆ. ಇಬ್ಬರ ಮಾತನ್ನೂ ಕೇಳಿಸಿಕೊ, ಕೂಡಿ ಕಳೆಯುವುದನ್ನು ಮಾತ್ರ ನೀನೇ ಮಾಡು.

ನೀರಾವರಿ ಭತ್ತಕ್ಕೆ ಎಕರೆಗೆ 40 ಕೆ.ಜಿ. ಸಾರಜನಕ, ರಂಜಕ ಮತ್ತು ಪೊಟ್ಯಾಷ್ ತಲಾ 20 ಕೆ.ಜಿ., ಜೊತೆಗೆ 4 ಟನ್ ಕೊಟ್ಟಿಗೆ ಗೊಬ್ಬರ ಅನ್ನುವುದು ಶಿಫಾರಸು. ಆ 4 ಟನ್ನಿನಲ್ಲಿರುವ ಸಾರಜನಕ ಹೆಚ್ಚುಕಡಿಮೆ 20 ಕೆ.ಜಿ. 45 ಕೆ.ಜಿ.ಯ ಒಂದೇ ಚೀಲ ಯೂರಿಯಾದಲ್ಲೂ ಸುಮಾರು ಅಷ್ಟೇ ಇದೆ. ಹಾಗಂತ ಗೊಬ್ಬರ ಹೊರುವುದು ದಂಡ ಅಂದುಕೊಳ್ಳಬೇಡ. ಚೀಲದ್ದು ಪೈರಿಗೆ ಬೇಗ ಸಿಗುತ್ತದೆ, ಮಿಕ್ಕಿದ್ದು ನೀರಿಗೋ ಗಾಳಿಗೋ ಹೋಗುತ್ತದೆ. ತಿಪ್ಪೆಯದು ಮೊದಲ ಬೆಳೆಗೆ ಸ್ವಲ್ಪವೇ ಸಿಕ್ಕರೂ ಮುಂದಿನ ಬೆಳೆಗೂ ಉಳಿಯುತ್ತದೆ. ಹಾಕಿದ ಚೀಲದ ಸಾರವನ್ನು ಹಿಡಿದಿಟ್ಟುಕೊಳ್ಳುವ ಕಸುವು ಮಣ್ಣಿಗೆ ಬರುವುದೂ ಅದರಿಂದಲೇ.

ನಮ್ಮ ಮಂಡ್ಯ ಸೀಮೆಯಲ್ಲಿ ನಾಲೆಗೆ ನೀರು ಬಿಡುವ ಮುಂಚೆ ಬೀಳುವ ಮಳೆಗೆ ಗದ್ದೆ ಬರಿದೇ ಬಿಡಬೇಡ. ಅಲಸಂದೆ, ಹೆಸರು ಹಾಕು. ಕಾಯಿ ಬಿಡಿಸಿಕೊಂಡು ಬಳ್ಳಿಯನ್ನು ಉತ್ತುಬಿಡು. ಸೆಣಬು, ಡಯಾಂಚ ಬಿತ್ತಿದ್ದರೆ 45 ದಿನದ ಹೊತ್ತಿಗೆ, ಕಾಂಡ ಇನ್ನೂ ಎಳೆಯದಾಗಿರುವಾಗಲೇ ಕೆಸರಿಗೆ ತುಳಿಸು. ಬಲಿತು ನಾರು ಬಂದರೆ ಕೊಳೆಯುವುದು ತಡ. ಹಸಿರು ಗೊಬ್ಬರ ಹುಲುಸಾಗಿ ಬಂದ ವರ್ಷ ಯೂರಿಯಾ ಕಾಲುಭಾಗ ಕಡಿಮೆ ಮಾಡು. ಅದನ್ನೂ ತುಳಿಸಿ ಇದನ್ನೂ ಪೂರ್ತಿ ಎರಚಿದರೆ ಪೈರು ಕಪ್ಪಗೆ ಸೊಕ್ಕುತ್ತದೆ. ಬೆಂಕಿರೋಗ, ಜಿಗಿಹುಳು ಹತ್ತುತ್ತವೆ, ಕೊನೆಗೆ ತೆನೆ ಸಮೇತ ಮಲಗುತ್ತದೆ.

ಒಣ ಹುಲ್ಲು, ಕೂಳೆ ಉತ್ತ ಮರುದಿನವೇ ನಾಟಿ ಹಾಕಬೇಡ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಮೊದಲು ತಾವೇ ಎಳೆದುಕೊಳ್ಳುತ್ತವೆ, ಪೈರು ಹಳದಿಗೆ ತಿರುಗುತ್ತದೆ. ಎರಡು ಮೂರು ವಾರ ಕೊಳೆಯಲಿ.

ಯೂರಿಯಾ ಒಮ್ಮೆಲೇ ಸುರಿಯಬೇಡ. ಅರ್ಧ ನಾಟಿಗೆ, ಉಳಿದರ್ಧವನ್ನು ತೆಂಡೆ ಒಡೆಯುವಾಗ ಮತ್ತು ತೆನೆ ಮೂಡುವ ಹೊತ್ತಿಗೆ ಎರಡು ಪಾಲು ಮಾಡಿ ಕೊಡು. ಎರಚುವ ಮುಂಚೆ ಕಳೆ ಕೀಳಿಸಿ, ನೀರು ಬಸಿ. ಆಮೇಲೆ ಮತ್ತೆ ನೀರು ಕಟ್ಟು. ಸತುವಿನ ಸಲ್ಫೇಟನ್ನು ಡಿಎಪಿ ಜೊತೆ ಕಲಸಬೇಡ, ಎರಡೂ ಗಟ್ಟಿಯಾಗಿ ಪೈರಿಗೆ ದಕ್ಕುವುದಿಲ್ಲ.

ಶಿಫಾರಸು ಬರೆದಿರುವುದು ಎಲ್ಲರ ಗದ್ದೆಗೆ. ನಿನ್ನದರ ಮಣ್ಣು ಪರೀಕ್ಷೆ ಮಾಡಿಸು, ಯಾವ ಮಡಿಗೆ ಏನು ಹಾಕಿದೆ ಅಂತ ಒಂದು ಪುಸ್ತಕದಲ್ಲಿ ಬರೆದಿಡು. ಪಕ್ಕದವನ ಪೈರಿನ ಬಣ್ಣ ನೋಡಿ ಮಾತ್ರ ಇನ್ನೊಂದು ಚೀಲ ತರಲು ಹೊರಡಬೇಡ ಕಣಪ್ಪ.