ಹಿರಿಯರ ದೇಹದುರ್ಬಲತೆ: ಗುರುತಿಸುವ ಬಗೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ವಯಸ್ಸಾದಂತೆ ಶಕ್ತಿ ಕುಂದುವುದು ಸಹಜ. ಆದರೆ ಸಣ್ಣ ಜ್ವರವೋ ಒಮ್ಮೆ ಎಡವಿ ಬೀಳುವುದೋ ವ್ಯಕ್ತಿಯನ್ನು ಹಾಸಿಗೆ ಹಿಡಿಸುವಷ್ಟು ದೇಹದ ಮೀಸಲು ಶಕ್ತಿ ಬರಿದಾಗುವುದು ಬೇರೆಯೇ ಸ್ಥಿತಿ. ಇದೇ ದೇಹದುರ್ಬಲತೆ.

ಲಕ್ಷಣಗಳು: 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಐದು ಲಕ್ಷಣಗಳನ್ನು ಗುರುತಿಸಿದರು: ಉದ್ದೇಶವಿಲ್ಲದೆ ತೂಕ ಇಳಿಯುವುದು, ಬಳಲಿಕೆ, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ದೈಹಿಕ ಚಟುವಟಿಕೆ ತಗ್ಗುವುದು. ಮೂರು ಅಥವಾ ಹೆಚ್ಚು ಕಂಡರೆ ದುರ್ಬಲತೆ, ಒಂದೆರಡಿದ್ದರೆ ಪೂರ್ವಹಂತ. ಪೂರ್ವಹಂತದಲ್ಲೇ ವ್ಯಾಯಾಮ, ಪೌಷ್ಟಿಕ ಆಹಾರ ಒದಗಿದರೆ ಸುಧಾರಣೆ ಸಾಧ್ಯ.

ಪರೀಕ್ಷೆ: ವಿಶ್ವ ಆರೋಗ್ಯ ಸಂಸ್ಥೆಯ 2019ರ ಕೈಪಿಡಿಯಂತೆ, ಕೈ ಊರದೆ ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು 14 ಸೆಕೆಂಡಿನೊಳಗೆ ಆಗದಿದ್ದರೆ ಮುಂದಿನ ತಪಾಸಣೆ ಅಗತ್ಯ.

ನಮ್ಮ ರಾಜ್ಯದಲ್ಲಿ: ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರವು 45 ವರ್ಷ ಹಾಗೂ ಮೇಲ್ಪಟ್ಟವರ ದೀರ್ಘಕಾಲಿಕ ಅಧ್ಯಯನವನ್ನು 2018ರಲ್ಲಿ ಆರಂಭಿಸಿತು. ಮಿದುಳಿನ ವೃದ್ಧಾಪ್ಯ ಅದರ ಮುಖ್ಯ ವಿಷಯ. 10,000 ಜನರನ್ನು ಒಳಗೊಳ್ಳುವುದು ಗುರಿ. ಮುಪ್ಪಿನ ಅಧ್ಯಯನ ನಗರಕ್ಕಷ್ಟೇ ಸೀಮಿತವಲ್ಲ ಎಂಬುದಕ್ಕೆ ಇದು ನಿದರ್ಶನ.

ಸದಸ್ಯರ ಹೊಣೆ: ಪದ್ಮನಾಭನಗರದಂತಹ ಬಡಾವಣೆಯ ಹಿರಿಯರಿಗೆ ನಡೆದಾಡಲು ಉದ್ಯಾನಗಳಿವೆ. ಗ್ರಾಮದಲ್ಲಿ ಸಮತಟ್ಟಾದ ದಾರಿ, ಬೀದಿದೀಪ, ಕಚೇರಿಯ ಮೆಟ್ಟಿಲಿಗೆ ಆಸರೆಗಂಬಿ ಒದಗಿಸುವುದು ಪಂಚಾಯಿತಿಯ ಕೈಯಲ್ಲಿದೆ. ನಡೆಯಲಾರದವರು ಗ್ರಾಮಸಭೆಗೆ ಬರಲಾರರು. ಅವರ ಬೇಡಿಕೆ ನಡಾವಳಿಯಲ್ಲಿ ದಾಖಲಾಗುವುದೂ ಇಲ್ಲ. ಆದ್ದರಿಂದ ಆಶಾ ಕಾರ್ಯಕರ್ತೆಯರ ನೆರವಿನಿಂದ ಅಂಥವರನ್ನು ಮನೆಯಲ್ಲೇ ಗುರುತಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಗಮನಕ್ಕೆ ತರುವುದು ಸೂಕ್ತ.

ಚರ್ಚೆಗೆ: ಕಳೆದ ಗ್ರಾಮಸಭೆಗೆ ಬಾರದ ಹಿರಿಯರು ತಮ್ಮ ವಾರ್ಡಿನಲ್ಲಿ ಎಷ್ಟು ಮಂದಿ, ಏಕೆ?